ದುಡ್ಡು ಕೊಟ್ಟು ತಂದ ಬಸ್ಸಿಗೆ ಚಕ್ರವೇ ಇಲ್ಲ!

ಪ್ರಶ್ನೆ: ಸರ್, ನನ್ನ ತಮ್ಮನಿಗೆ ಮೊಬೈಲ್‌ನಲ್ಲಿ ಬಸ್ ಓಡಿಸುವ ಆಟದ ಹುಚ್ಚು. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಮಾಡ್ (ಆಟಕ್ಕೆ ಹೊರಗಿನವರು ಮಾಡಿ ಸೇರಿಸುವ ಫೈಲ್) ಬೇಕು ಅಂತ ಯಾವುದೋ ಚಾನೆಲ್‌ನವನಿಗೆ 150 ರೂಪಾಯಿ ಹಾಕಿದ. ಮುಂದೆ 'ಗಂಗಾವತಿ–ಕಂಪ್ಲಿ–ಬಳ್ಳಾರಿ' ಅಂತ ಬೋರ್ಡ್ ಬೇರೆ. ಮನೆಯವರೆಲ್ಲ ನೋಡಿ ಖುಷಿಪಟ್ಟೆವು. ತಿಂಗಳಾಗುವುದರೊಳಗೆ ಆಟ ಅಪ್‌ಡೇಟ್ ಆಯಿತು, ಬಸ್ಸಿನ ಚಕ್ರಗಳೇ ಮಾಯ. ಕೇಳಿದರೆ ಹೊಸ ಫೈಲಿಗೆ ಇನ್ನೂ 100 ಕೊಡು ಅಂದ, ಆಮೇಲೆ ಬ್ಲಾಕ್ ಮಾಡಿದ. ಮಾಡ್‌ಗೆ ದುಡ್ಡು ಕೊಡುವುದೇ ತಪ್ಪಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ತಪ್ಪಲ್ಲ. ತಮ್ಮನನ್ನು ಬೈಯಬೇಡಿ. ನೀವು ಕಳಿಸಿದ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಫುಟ್‌ಬೋರ್ಡ್ ಹತ್ತಿರ ಬಣ್ಣ ಸವೆದಿದೆ, ಹಿಂದಿನ ಗಾಜಿನ ಮೇಲೆ ಧೂಳು ಕೂತಿದೆ. ಯಾರೋ ಒಬ್ಬರು ರಾತ್ರಿಯೆಲ್ಲ ಕೂತು ಮಾಡಿದ ಕೆಲಸ ಅದು, ಅಂಥವರಿಗೆ 150 ರೂಪಾಯಿ ಸೇರಿದರೆ ನನಗಂತೂ ಸಂತೋಷವೇ. ಆದರೆ ಆ ದುಡ್ಡು ಅವರಿಗೇ ಸೇರಿತಾ ಅನ್ನುವುದು ನನ್ನ ಸಂಶಯ. ಬೇರೆಯವರು ಪುಕ್ಕಟೆ ಹಂಚಿದ್ದನ್ನು ಎತ್ತಿಕೊಂಡು, ಪಾಸ್‌ವರ್ಡ್ ಹಾಕಿ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಚಕ್ರದ ವಿಷಯ. ಮಾಡ್ ಅಂದರೆ ಇನ್ನೊಬ್ಬರ ಜಾಗದಲ್ಲಿ ನಾವು ಹಾಕಿಕೊಂಡ ಶೆಡ್ ಇದ್ದಂತೆ. ಜಾಗದ ಯಜಮಾನ ನೆಲ ಅಗೆದು ಸಮ ಮಾಡಿಸಿದರೆ ಶೆಡ್ ವಾಲುತ್ತದೆ. ಅಪ್‌ಡೇಟ್ ಬಂದಾಗ ಆಗುವುದೂ ಅದೇ, ಅದಕ್ಕೆ ಆಟ ಮಾಡಿದ ಕಂಪನಿ ಹೊಣೆ ಅಲ್ಲ. ಹೊಣೆ ಹೊರಬೇಕಾದ್ದು ದುಡ್ಡು ತೆಗೆದುಕೊಂಡವನು, ಅವನು ಬ್ಲಾಕ್ ಮಾಡಿ ಕೂತಿದ್ದಾನೆ.

ದೊಡ್ಡ ಕಂಪನಿಗಳಿಗೂ ಇದು ಸಲೀಸಾಗಿರಲಿಲ್ಲ. 2015ರ ಏಪ್ರಿಲ್ 23ರಂದು ಸ್ಟೀಮ್ ಅನ್ನುವ ಆನ್‌ಲೈನ್ ಆಟದ ಅಂಗಡಿ ನಡೆಸುವ ವಾಲ್ವ್ ಮತ್ತು ಸ್ಕೈರಿಮ್ ಆಟ ಮಾಡಿದ ಬೆಥೆಸ್ಡಾ ಸೇರಿ ಆ ಆಟದ ಮಾಡ್‌ಗಳನ್ನು ಸ್ಟೀಮ್‌ನಲ್ಲಿ ಮಾರಲು ಬಿಟ್ಟವು. ಬೆಲೆಯಲ್ಲಿ ಮಾಡ್ ಮಾಡಿದವರಿಗೆ ಶೇ. 25, ವಾಲ್ವ್‌ಗೆ 30, ಬೆಥೆಸ್ಡಾಗೆ 45. ಕೆಲಸ ಮಾಡಿದವನಿಗೇ ಕಡಿಮೆ! ಕೊಂಡ ಮೇಲೆ ದುಡ್ಡು ವಾಪಸ್ ಕೇಳಲು 24 ಗಂಟೆ ಮಾತ್ರ, ಅಂದರೆ ತಿಂಗಳಾದ ಮೇಲೆ ಕೆಟ್ಟರೆ ನಿಮ್ಮ ತಮ್ಮನ ಗತಿಯೇ. ಆಟಗಾರರು ಎಷ್ಟು ರೊಚ್ಚಿಗೆದ್ದರೆಂದರೆ ಏಪ್ರಿಲ್ 27ಕ್ಕೆ ಅಂಗಡಿ ಮುಚ್ಚಿ ಎಲ್ಲರ ದುಡ್ಡು ವಾಪಸ್ ಕೊಟ್ಟರು. ಆದರೆ ಆಸೆ ಬಿಡಲಿಲ್ಲ. 2017ರಲ್ಲಿ ಕ್ರಿಯೇಷನ್ ಕ್ಲಬ್ ಅಂತ, 2023ರ ಡಿಸೆಂಬರ್‌ನಲ್ಲಿ ಕ್ರಿಯೇಷನ್ಸ್ ಅಂತ ಬೆಥೆಸ್ಡಾ ಮತ್ತೆ ಮಾರಲು ಬಂತು.

ಹಾಗಾಗಿ ಮುಂದಿನ ಸಲ ದುಡ್ಡು ಹಾಕುವ ಮುಂಚೆ ತಮ್ಮ ಕೇಳಲಿ: ಇದನ್ನು ಮಾಡಿದ್ದು ನೀವೇನಾ, ಆಟದ ಯಾವ ವರ್ಷನ್‌ಗೆ ಓಡುತ್ತದೆ, ಅಪ್‌ಡೇಟ್ ಬಂದರೆ ಹೊಸ ಫೈಲ್ ಸುಮ್ನೆ ಕೊಡ್ತೀರಾ? ನಿಜವಾಗಿ ಮಾಡಿದವರಾದರೆ ಉತ್ತರ ಕೊಡುತ್ತಾರೆ. ಜೊತೆಗೆ ಪ್ಲೇ ಸ್ಟೋರ್‌ನಲ್ಲಿ ಆ ಆಟದ ಆಟೋ ಅಪ್‌ಡೇಟ್ ಆಫ್ ಮಾಡಿಡಿ, ಮಾಡ್ ಸರಿಯಾದ ಮೇಲೆ ಅಪ್‌ಡೇಟ್ ಮಾಡಿದರಾಯಿತು. ಹೋದ ದುಡ್ಡಿಗೆ ಚಾಟ್, ಯುಪಿಐ ನಂಬರ್ ಇಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ಸಣ್ಣ ಮೊತ್ತ ಅಂತ ಎಲ್ಲರೂ ಸುಮ್ಮನಿರುವುದರಿಂದಲೇ ಇಂಥವರ ವ್ಯಾಪಾರ ನಡೆಯುವುದು.

ಪ್ರಶ್ನೆ: ನಾನೇ ಆಟದ ಬಸ್ಸಿಗೆ ಸ್ಕಿನ್ (ಬಸ್ಸಿನ ಮೈಮೇಲಿನ ಬಣ್ಣ, ಚಿತ್ರ) ಮಾಡಿ ಪುಕ್ಕಟೆ ಹಂಚುತ್ತೇನೆ. ಯಾರೋ ನನ್ನ ಹೆಸರು ಅಳಿಸಿ 50 ರೂಪಾಯಿಗೆ ಮಾರುತ್ತಿದ್ದಾರೆ. ನಾನೂ ಮಾರಲಾ?
– ಕಾಲೇಜು ವಿದ್ಯಾರ್ಥಿ, ಸಿಂಧನೂರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಬೆಲೆ ಹಾಕುವ ಮುಂಚೆ ಒಂದು ಯೋಚಿಸಿ. ಚಿತ್ರ ನಿಮ್ಮದು, ಆಟ ಕಂಪನಿಯದು, ಬಸ್ಸಿನ ಮೇಲಿನ ಲಾಂಛನ ಸಾರಿಗೆ ನಿಗಮದ್ದು. ಮಾರಾಟ ಶುರುವಾದರೆ ಉಳಿದಿಬ್ಬರೂ ಪ್ರಶ್ನೆ ಕೇಳಬಹುದು. ಆಟದ ನಿಯಮ ಓದಿ. ಉದಾಹರಣೆಗೆ ಮೈನ್‌ಕ್ರಾಫ್ಟ್‌ಗೆ ಮಾಡ್ ಮಾಡಿ ಹಂಚಬಹುದು, ಮಾರುವ ಹಾಗಿಲ್ಲ. ದಿ ಸಿಮ್ಸ್ 4ರಲ್ಲಿ ದುಡ್ಡು ಕೊಟ್ಟು ಬೆಂಬಲಿಸಿದವರಿಗೆ ಮಾಡ್ ಸ್ವಲ್ಪ ದಿನ ಮುಂಚೆ ಕೊಡಬಹುದು, ಆಮೇಲೆ ಎಲ್ಲರಿಗೂ ಪುಕ್ಕಟೆ ಬಿಡಬೇಕು. ನನಗೆ ಈ ದಾರಿ ಹಿಡಿಸಿದೆ. ನೀವೂ ಸ್ಕಿನ್ ಪುಕ್ಕಟೆ ಇಟ್ಟು, ಇಷ್ಟವಾದವರು ಕೊಡಲಿ ಅಂತ ಒಂದು ಕ್ಯೂಆರ್ ಹಾಕಿ. ಹೆಸರನ್ನು ಮೂಲೆಯಲ್ಲಿ ಬರೆಯಬೇಡಿ, ಕಿಟಕಿ ಕೆಳಗಿನ ಪಟ್ಟಿಯೊಳಗೇ ಬೆರೆಸಿ. ಅಳಿಸಿದರೆ ಪಟ್ಟಿಯೇ ಹಾಳಾಗಲಿ. ಲೇಯರ್ ಇರುವ ಮೂಲ ಫೈಲ್ ಯಾರಿಗೂ ಕೊಡಬೇಡಿ. ನಾಳೆ ಚಾನೆಲ್ ಮೇಲೆ ದೂರು ಕೊಡಬೇಕಾದರೆ ನಿಮ್ಮ ಸಾಕ್ಷಿ ಅದೇ.

ಪ್ರಶ್ನೆ: ದೊಡ್ಡ ಸೈಟಿನಿಂದ ಮಾಡ್ ಇಳಿಸಿಕೊಂಡರೆ ವೈರಸ್ ಭಯ ಇಲ್ಲ ಅಲ್ವಾ?
– ಬಳ್ಳಾರಿಯಿಂದ

ಉತ್ತರ: ಭಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. 2023ರ ಜೂನ್‌ನಲ್ಲಿ ಕರ್ಸ್‌ಫೋರ್ಜ್ ಅನ್ನುವ ದೊಡ್ಡ ತಾಣದಲ್ಲೇ ಕೆಲವರ ಖಾತೆಗಳು ಕಳ್ಳರ ಕೈಗೆ ಸಿಕ್ಕು, ಮೈನ್‌ಕ್ರಾಫ್ಟ್ ಮಾಡ್‌ಗಳೊಳಗೆ ಫ್ರಾಕ್ಚರೈಸರ್ ಅನ್ನುವ ಕುತಂತ್ರಾಂಶ ಸೇರಿತ್ತು. ಅದು ಬ್ರೌಸರ್‌ನಲ್ಲಿರುವ ಲಾಗಿನ್ ಮಾಹಿತಿ ಕದಿಯುತ್ತಿತ್ತು. ಹೊಸ ಮಾಡ್ ಬಂದ ದಿನವೇ ಹಾಕಿಕೊಳ್ಳಬೇಡಿ, ನಾಲ್ಕು ದಿನ ಬೇರೆಯವರು ಏನು ಹೇಳುತ್ತಾರೆ ನೋಡಿ.

ನಮ್ಮ ಕಡೆ ಜಾಸ್ತಿ ಓಡಾಡುವುದು 'ಮಾಡ್ ಎಪಿಕೆ' (ಎಪಿಕೆ ಅಂದರೆ ಆಂಡ್ರಾಯ್ಡ್ ಆ್ಯಪ್ ಹಾಕಿಕೊಳ್ಳುವ ಫೈಲ್). ಅದು ಮಾಡ್ ಅಲ್ಲ, ಇಡೀ ಆಟವನ್ನೇ ಬಿಚ್ಚಿ, ಒಳಗೆ ಏನೋ ತುರುಕಿ ಮತ್ತೆ ಕಟ್ಟಿದ್ದು. ಹಾಕಿಕೊಳ್ಳುವಾಗ ಎಸ್‌ಎಂಎಸ್ ಓದಲು ಅನುಮತಿ ಕೇಳಿತಾ? ಬಸ್ ಓಡಿಸುವುದಕ್ಕೆ ಎಸ್‌ಎಂಎಸ್ ಯಾಕೆ ಬೇಕು? ಅಪ್ಪನ ಬ್ಯಾಂಕಿನ ಒಟಿಪಿ ಅದೇ ಫೋನಿಗೆ ಬರುತ್ತಿದ್ದರೆ ಇವತ್ತೇ ಅಳಿಸಿಬಿಡಿ.