ಗುಲಾಬಿ ಯಾರ ಕೈಗೆ?

ಕುಮಟಾದ ನಿವೃತ್ತ ಅಕ್ಕೋರೊಬ್ಬರು ಬರೆದಿದ್ದಾರೆ: “ರಾತ್ರಿ ಊಟ ಮುಗಿಸಿ ನಾನೂ ಮಗಳೂ ಅಮೆರಿಕದ ‘ದಿ ಬ್ಯಾಚುಲರ್’ ಎಂಬ ರಿಯಾಲಿಟಿ ಶೋ ನೋಡುತ್ತೇವೆ. ಒಬ್ಬ ಹುಡುಗ, ಹತ್ತಾರು ಹುಡುಗಿಯರು. ಗುಲಾಬಿ ಸಿಗದವರು ಮನೆಗೆ. ‘ಕಪ್ಪು ಹುಡುಗಿಯರೇ ಬೇಗ ಹೋಗ್ತಾರೆ, ನೋಡಿದ್ಯಾ ಆಯಿ?’ ಎಂದಳು ಮಗಳು. ಅಂದಿನಿಂದ ಅನ್ನದಲ್ಲಿ ಕಲ್ಲು ಸಿಕ್ಕಂತಾಗಿದೆ. ಖುಷಿಪಟ್ಟು ನೋಡುವುದು ತಪ್ಪೇ? ಅಥವಾ ಅಮೆರಿಕದ ಜಗಳ ನಮಗ್ಯಾಕೆ?”

ಅಕ್ಕೋರೆ, ಖುಷಿಪಡುವುದು ತಪ್ಪಲ್ಲ. ಯಾರಿಗೆ ಯಾರ ಮೇಲೆ ಮನಸ್ಸಾಯಿತು ಎಂಬ ಕುತೂಹಲ ಎಲ್ಲರಿಗೂ ಇದ್ದದ್ದೇ. ಆದರೆ ಮಗಳ ಅನುಮಾನವನ್ನು ತಳ್ಳಿಹಾಕಬೇಡಿ. 2002ರಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ, ಆರಿಸುವ ಗಂಡಿನ ಜಾಗಕ್ಕೆ ಮೊದಲ ಕಪ್ಪು ಯುವಕ, ಮ್ಯಾಟ್ ಜೇಮ್ಸ್, ಬಂದದ್ದು 2021ರಲ್ಲಿ, 25ನೆಯ ಸೀಸನ್ನಿಗೆ. 2012ರಲ್ಲೇ ನ್ಯಾಶ್‌ವಿಲ್‌ನ ಇಬ್ಬರು ಕಪ್ಪು ಯುವಕರು ತಮಗೆ ಸರಿಯಾದ ಅವಕಾಶ ಕೊಡಲಿಲ್ಲವೆಂದು ಕೋರ್ಟಿಗೆ ಹೋಗಿದ್ದರು. ಯಾರನ್ನು ತೋರಿಸಬೇಕೆಂಬುದು ಕಾರ್ಯಕ್ರಮ ಮಾಡುವವರ ಅಭಿವ್ಯಕ್ತಿ ಸ್ವಾತಂತ್ರ್ಯ ಎಂದು ಕೋರ್ಟು ದಾವೆ ವಜಾ ಮಾಡಿತು. ಹಾಗಾದರೆ ಕೇಳುವವರು ಯಾರು? ನೋಡುವವರೇ. 2020ರಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ವೀಕ್ಷಕರು ಸಹಿ ಸಂಗ್ರಹಿಸಿ ಒತ್ತಾಯ ಮಾಡಿದರು. ಜೇಮ್ಸ್ ಹೆಸರು ಹೊರಬಿದ್ದದ್ದು ಆಮೇಲೆ.

ಜಾಗ ಸಿಕ್ಕಿತೆಂದು ಎಲ್ಲ ಮುಗಿಯಲಿಲ್ಲ. ಅದೇ ಸೀಸನ್ನಿನ ಸ್ಪರ್ಧಿಯೊಬ್ಬಳು ಗುಲಾಮಗಿರಿ ಕಾಲದ ತೋಟದೊಡೆಯರ ವೈಭವ ಮೆರೆಸುವ ಪಾರ್ಟಿಗೆ ಹೋಗಿದ್ದ ಫೋಟೋ ಬಯಲಾಯಿತು. ನಿರೂಪಕ ಕ್ರಿಸ್ ಹ್ಯಾರಿಸನ್ ಅವಳ ಪರ ವಾದಿಸಿದರು, ಕೊನೆಗೆ ಕಾರ್ಯಕ್ರಮ ಬಿಡಬೇಕಾಯಿತು. ಆದರೆ ಬೈಗುಳದ ಮಳೆ ಸುರಿದದ್ದು ಅವರನ್ನು ಸಂದರ್ಶಿಸಿ ಪ್ರಶ್ನೆ ಕೇಳಿದ ರೇಚೆಲ್ ಲಿಂಡ್ಸೆ ಮೇಲೆ. ಹುಡುಗಿಯೇ ಹುಡುಗರನ್ನು ಆರಿಸುವ ಜೋಡಿ ಕಾರ್ಯಕ್ರಮದಲ್ಲಿ 2017ರಲ್ಲಿ ಮೊದಲ ಕಪ್ಪು ‘ಬ್ಯಾಚುಲರೆಟ್’ ಆದವರು ಅವರು. ಕೇಳಿದ ತಪ್ಪಿಗೆ ಶಿಕ್ಷೆ! ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮುಂದಿನ ಸಲ ಒಂದು ಗಮನಿಸಿ. ಯಾರದ್ದೋ ಕಟುಮಾತು ಕೇಳಿಸುವಾಗ ಅವರ ತುಟಿ ಕಾಣುತ್ತಿದೆಯೇ? ದನಿ ಅವರದ್ದು, ಪರದೆಯ ಮೇಲೆ ಇನ್ಯಾರದ್ದೋ ಮುಖ ಎಂದಾದರೆ, ಬೇರೆ ಬೇರೆ ಹೊತ್ತಿನ ಮಾತು ಕತ್ತರಿಸಿ ಜೋಡಿಸಿರಬಹುದು. ರಿಯಾಲಿಟಿ ಶೋ ಎಡಿಟಿಂಗಿನ ಹಳೆಯ ಪಟ್ಟು ಇದು. ‘ಜಗಳಗಂಟಿ ಕಪ್ಪು ಹೆಂಗಸು’ ಎಂಬ ಪಾತ್ರವನ್ನು ಹೀಗೂ ತಯಾರು ಮಾಡಬಹುದು. ಆ ಹುಡುಗಿ ಹೊರಹೋದಾಗ ನಮಗೆ ಸಮಾಧಾನವಾದರೆ, ಆ ಸಮಾಧಾನ ಎಲ್ಲಿಂದ ಬಂತು ಎಂದು ಮಗಳ ಜೊತೆ ಮಾತಾಡಿ.

ಇನ್ನು ‘ಅಮೆರಿಕದ ಜಗಳ’ ಎಂದಿರಿ. ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದ ಆಫ್ರಿಕದವರಲ್ಲಿ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಅಂಕೋಲಾಗಳಲ್ಲಿ ಇದ್ದಾರಲ್ಲ! ಅವರೇ ಸಿದ್ದಿಗಳು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕದ್ದು 2003ರಲ್ಲಿ. ಗೋಕರ್ಣದ ರಥಬೀದಿಯಲ್ಲಿ ಅಂಗಡಿಯವನೊಬ್ಬ ಸಿದ್ದಿ ಹುಡುಗನಿಗೆ ಇಂಗ್ಲಿಷಿನಲ್ಲಿ ರೇಟು ಹೇಳುತ್ತಿದ್ದ. “ನಾ ಯಲ್ಲಾಪುರದವ್ನೇ ಮಾರಾಯ್ರೆ, ಕನ್ನಡದಲ್ಲೇ ಹೇಳಿ” ಎಂದ ಹುಡುಗ. ಉತ್ಸವಗಳಲ್ಲಿ ಸಿದ್ದಿಗಳ ಕುಣಿತಕ್ಕೆ ಚಪ್ಪಾಳೆ ಹೊಡೆಯುತ್ತೇವೆ. ಪ್ರೀತಿಯ ಕಥೆಯಲ್ಲಿ ಸಿದ್ದಿ ಹುಡುಗಿ ನಾಯಕಿಯಾದದ್ದನ್ನು ನಮ್ಮ ಟಿವಿಯಲ್ಲಿ ನಾನಂತೂ ನೋಡಿಲ್ಲ.

ಬಣ್ಣ ನೋಡಿ ಆರಿಸುವ ಚಟ ನಮ್ಮ ಜಗಲಿಯಲ್ಲೂ ಇದೆ. ಈ ಪತ್ರಿಕೆಗೆ ಬರುವ ವಧು-ವರ ಜಾಹೀರಾತುಗಳಲ್ಲಿ ‘ಬೆಳ್ಳಗಿನ’, ‘ಗೋಧಿ ಬಣ್ಣದ’ ಎಂಬುದನ್ನು ತೆಗೆದೇ ಅಚ್ಚು ಮಾಡುತ್ತೇವೆ. ಕೆಲವರು ಸಿಟ್ಟಾಗಿ ದುಡ್ಡು ವಾಪಸು ಕೇಳಿದ್ದಾರೆ. ಕೊಟ್ಟಿದ್ದೇವೆ.

— ಸಂಪಾದಕ