ವಾಚಕರ ಪ್ರಶ್ನೆ: ವಾರ್ಡಿನಲ್ಲಿ ಊಟದ ಹೊತ್ತು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಬಂಧುವೊಬ್ಬರನ್ನು ನೋಡಲು ಇಲ್ಲಿಯ ಆಸ್ಪತ್ರೆಯೊಂದಕ್ಕೆ ಹೋಗಿದ್ದಾಗ, ಜೊತೆಗೆ ಯಾರೂ ಇಲ್ಲದ ವೃದ್ಧರ ಊಟದ ತಟ್ಟೆಗಳು ಹಾಗೆಯೇ ಮರಳಿ ಹೋಗುವುದನ್ನು ಕಂಡೆ. ನನಗೆ ಮಧ್ಯಾಹ್ನ ಬಿಡುವಿದೆ. ಅಂಥವರಿಗೆ ಉಣ್ಣಿಸಲು ಹೋಗಬಹುದೇ? ಗಂಟಲಿಗೆ ಏನಾದರೂ ಸಿಕ್ಕಿಕೊಂಡೀತೆಂಬ ಭಯವೂ ಇದೆ.
– ಓದುಗರೊಬ್ಬರು, ಕಲಬುರಗಿ

ಉತ್ತರ: ಅವಶ್ಯ ಹೋಗಬಹುದು, ಆದರೆ ನೇರವಾಗಿ ವಾರ್ಡಿಗಲ್ಲ. ಮೊದಲು ವೈದ್ಯಕೀಯ ಅಧೀಕ್ಷಕರಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ಆಮೇಲೆ ವಾರ್ಡಿನ ಹಿರಿಯ ನರ್ಸ್ ತೋರಿಸಿದ ರೋಗಿಯ ಬಳಿಗೆ ಮಾತ್ರ, ಕೈ ತೊಳೆದುಕೊಂಡು ಹೋಗಿ. ನಿಮಗೆ ಕೆಮ್ಮು, ಜ್ವರವಿದ್ದ ದಿನ ಮನೆಯಲ್ಲೇ ಇರಿ.

ನಮ್ಮ ಆಸ್ಪತ್ರೆಗಳ ವ್ಯವಸ್ಥೆ ನಿಂತಿರುವುದೇ ರೋಗಿಯ ಜೊತೆಗೆ ಮನೆಯವರೊಬ್ಬರು ಇದ್ದೇ ಇರುತ್ತಾರೆಂಬ ಭರವಸೆಯ ಮೇಲೆ. ಮಕ್ಕಳೆಲ್ಲ ದುಡಿಯಲು ಬೆಂಗಳೂರು, ಪುಣೆ, ಮುಂಬೈ ಸೇರಿರುವ ಕಲಬುರಗಿ, ಯಾದಗಿರಿ ಹಳ್ಳಿಗಳ ಹಿರಿಯರ ಪಾಲಿಗೆ ಆ ಭರವಸೆ ಹುಸಿಯಾಗಿದೆ. ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ನೆರವು ಬೇಕಾದವರಿಗೆ ಕೆಂಪು ಟ್ರೇಯಲ್ಲಿ ಊಟ ಬರುತ್ತದೆ. ತರಬೇತಿ ಪಡೆದ ಸ್ವಯಂಸೇವಕರು ಪಕ್ಕದಲ್ಲಿ ಕೂರುತ್ತಾರೆ. ನೀವು ಮಾತ್ರ ಯಾರಿಗೆ ಏನು ಬೇಕೆಂದು ದಿನವೂ ಕೇಳಿಯೇ ತಿಳಿದುಕೊಳ್ಳಬೇಕಾದೀತು.

ತುತ್ತಿಡುವ ಪ್ರಸಂಗ ನೀವು ಎಣಿಸಿದ್ದಕ್ಕಿಂತ ಕಡಿಮೆ. ತಟ್ಟೆ ಲಾಕರಿನ ಮೇಲೆ ಕೈಗೆಟುಕದಷ್ಟು ದೂರದಲ್ಲಿರುತ್ತದೆ, ಹಲ್ಲಿನ ಸೆಟ್ಟು ಡಬ್ಬಿಯಲ್ಲೇ ಉಳಿದಿರುತ್ತದೆ, ಸಲೈನಿನ ಸೂಜಿ ಬಲಗೈಯಲ್ಲಿರುತ್ತದೆ. ಎಡಗೈಯಿಂದ ಉಣ್ಣಲು ಮನಸ್ಸೊಪ್ಪದ ಅಜ್ಜ 'ಹಸಿವಿಲ್ಲ' ಎಂದು ಮುಖ ತಿರುಗಿಸಿಬಿಡುತ್ತಾರೆ. ಒಂದು ಚಮಚ ಕೊಟ್ಟರೆ, ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು ಬೇಳೆಯಲ್ಲಿ ಮೆತ್ತಗಾಗುವವರೆಗೆ ನೆನೆಸಿಟ್ಟರೆ, ಅರ್ಧ ಕೆಲಸ ಮುಗಿಯಿತು. ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರೂ ಹಾಕದವರು, ಪರಪುರುಷರೆದುರು ಉಣ್ಣಲು ಸಂಕೋಚಪಡುವ ಅಜ್ಜಿಯರು ಈ ಭಾಗದಲ್ಲಿ ಹಲವರು. ಅವರನ್ನು ಅವಸರಪಡಿಸದೆ ಮೊದಲು ವಿಚಾರಿಸಿರಿ. ಶೌಚಕ್ಕೆ ಕರೆದೊಯ್ಯುವವರಿಲ್ಲವೆಂದು ನೀರನ್ನೇ ಬಿಟ್ಟವರೂ ಇರುತ್ತಾರೆ, ಅದೂ ನಮ್ಮ ಬೇಸಿಗೆಯಲ್ಲಿ! ಅಂಥವರ ವಿಷಯವನ್ನು ಸಿಸ್ಟರಿಗೆ ತಿಳಿಸಿ.

ನಿಮ್ಮ ಭಯ ಅಕಾರಣವಲ್ಲ. ಲಕ್ವಾ ಹೊಡೆದವರಲ್ಲಿ ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ, ಬಾಯಿಯ ಮೂಲಕ ಆಹಾರ ಕೊಡಬಹುದೆಂದು ನರ್ಸ್ ಹೇಳುವವರೆಗೆ ಒಂದು ಚಮಚ ನೀರನ್ನೂ ಕೊಡಬೇಡಿ. ತೆಳ್ಳಗಿನ ದ್ರವ ಬೇಗ ಹರಿಯುವುದರಿಂದ ಅವರಲ್ಲಿ ಹಲವರಿಗೆ ಗಂಜಿಗಿಂತ ನೀರೇ ಹೆಚ್ಚು ಅಪಾಯಕಾರಿ. ಒಪ್ಪಿಗೆ ಸಿಕ್ಕಮೇಲೆ ರೋಗಿಯನ್ನು ನೆಟ್ಟಗೆ ಕೂರಿಸಲು ಸಿಬ್ಬಂದಿಯ ಸಹಾಯ ಪಡೆಯಿರಿ, ನೀವೂ ಎದುರಿಗೆ ಕುಳಿತುಕೊಳ್ಳಿ, ಏಕೆಂದರೆ ನೀವು ನಿಂತು ತುತ್ತಿಟ್ಟರೆ ಅವರು ತಲೆಯೆತ್ತಬೇಕಾಗುತ್ತದೆ, ಆಗ ಆಹಾರ ಶ್ವಾಸನಾಳಕ್ಕೆ ಇಳಿಯುವ ಸಂಭವ ಹೆಚ್ಚು. ಒಂದು ತುತ್ತು ಪೂರ್ತಿ ಇಳಿದ ಮೇಲೆಯೇ ಇನ್ನೊಂದು. ನಡುವೆ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ, ಅನ್ನ ಕೆನ್ನೆಯಲ್ಲೇ ಉಳಿದರೆ ನಿಲ್ಲಿಸಿ ಸಿಸ್ಟರನ್ನು ಕರೆಯಿರಿ. ಕೆಮ್ಮಲೂ ಮಾತಾಡಲೂ ಆಗದಿದ್ದರೆ ಕ್ಷಣವೂ ತಡಮಾಡದೆ ಕೂಗಿ ಕರೆಯಿರಿ. ಅಂಥ ಹೊತ್ತಿನಲ್ಲಿ ಬೆನ್ನು ತಟ್ಟುವ ಸರಿಯಾದ ಕ್ರಮವನ್ನು ಮೊದಲ ದಿನವೇ ಅವರಿಂದ ಕಲಿತುಕೊಳ್ಳುವುದು ಒಳ್ಳೆಯದು. ಊಟವಾದ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು.

ಹೊರಡುವ ಮುನ್ನ 'ಉಂಡರು' ಎಂದಷ್ಟೇ ಹೇಳದೆ, 'ಅರ್ಧ ರೊಟ್ಟಿ, ನಾಲ್ಕು ಚಮಚ ಬೇಳೆ' ಎಂದು ಲೆಕ್ಕ ಒಪ್ಪಿಸಿ. ಇನ್ಸುಲಿನ್ ತೆಗೆದುಕೊಂಡ ಸಕ್ಕರೆ ಕಾಯಿಲೆಯವರು ಉಣ್ಣದಿದ್ದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಮಂಪರು ಕಾಣಿಸಿಕೊಳ್ಳಬಹುದು. ಅವರ ತಟ್ಟೆ ಹಾಗೇ ಉಳಿದಿದ್ದರೆ ಆಗಲೇ ತಿಳಿಸಬೇಕು.

ಪ್ರಶ್ನೆ: ಗೆಳೆಯರು ಕೂಡಿ ವಾರಕ್ಕೊಮ್ಮೆ ಆಸ್ಪತ್ರೆಯ ವೃದ್ಧ ರೋಗಿಗಳಿಗೆ ಬಾಳೆಹಣ್ಣು, ಎಳನೀರು ಹಂಚಬೇಕೆಂದಿದ್ದೇವೆ. ಸರಿಯೇ?
– ಓದುಗರೊಬ್ಬರು, ಬೀದರ್

ಉತ್ತರ: ಎಲ್ಲರಿಗೂ ಹಂಚುವುದು ಸರಿಯಲ್ಲ. ಮೂತ್ರಪಿಂಡ ಸೋತವರಲ್ಲಿ, ಇವೆರಡರಲ್ಲೂ ಹೇರಳವಾಗಿರುವ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಶಸ್ತ್ರಚಿಕಿತ್ಸೆಗೆ ಕಾದಿರುವವರು ಬರಿಹೊಟ್ಟೆಯಲ್ಲಿರಬೇಕಾಗುತ್ತದೆ. ಕೂಡಿಸಿದ ಹಣದಲ್ಲಿ ದಪ್ಪ ಹಿಡಿಯ ಚಮಚ, ಎರಡು ಹಿಡಿಗಳ ಲೋಟ, ಎತ್ತರ ಅಂಚಿನ ತಟ್ಟೆಗಳನ್ನು ನರ್ಸುಗಳನ್ನು ಕೇಳಿ ಕೊಡಿಸಿದರೆ, ಕೈ ನಡುಗುವ ಎಷ್ಟೋ ಮಂದಿ ತಾವಾಗಿಯೇ ಉಣ್ಣಬಲ್ಲರು.