ಆ ಲೋಳೆಯಲ್ಲೇ ಇದೆ ವಿಷಯ

ಪ್ರಶ್ನೆ: ಕೊಲೆಸ್ಟ್ರಾಲ್ ಜಾಸ್ತಿ ಅಂತ ಮಗಳು ಓಟ್ಸ್ ತಂದಿಟ್ಟಿದ್ದಾಳೆ. ಅದರಲ್ಲಿ ಬೀಟಾ ಗ್ಲೂಕಾನ್ ಇದೆಯಂತೆ. ಮುದ್ದೆ ಬಿಟ್ಟು ಈ ಲೋಳೆ ಗಂಜಿ ಕುಡಿಯಬೇಕಾ?
– ಓದುಗರೊಬ್ಬರು, ಮದ್ದೂರು

ಉತ್ತರ: ಮುದ್ದೆ ಯಾಕೆ ಬಿಡ್ತೀರಿ? ರಾಗಿಯಲ್ಲೂ ನಾರಿದೆ, ಆದರೆ ಬೀಟಾ ಗ್ಲೂಕಾನ್ ಎಂಬ ನೀರಲ್ಲಿ ಕರಗುವ ನಾರು ಮಾತ್ರ ಓಟ್ಸ್, ಬಾರ್ಲಿಯಲ್ಲೇ ಜಾಸ್ತಿ. ನೀವು ಮೂಗು ಮುರಿಯುವ ಆ ಲೋಳೆ ಇದೆಯಲ್ಲ, ಅದು ಬರುವುದೇ ಅದರಿಂದ. ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರಪಳಿ ಅದು. ಅದನ್ನು ಕಡಿಯಲು ನಮ್ಮ ಜೀರ್ಣರಸಕ್ಕೆ ಆಗುವುದಿಲ್ಲ. ಕರುಳಲ್ಲಿ ದಪ್ಪಗಾಗಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಹೊಸ ಪಿತ್ತ ತಯಾರಿಸಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಲಾಭ ಅಲ್ಲಿ. ದಿನಕ್ಕೆ 3 ಗ್ರಾಂ ಬೇಕು ಎಂಬ ಲೆಕ್ಕದಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಓಟ್ಸ್ ಹೃದ್ರೋಗದ ಅಪಾಯ ತಗ್ಗಿಸಬಹುದು ಎಂದು ಪೊಟ್ಟಣದ ಮೇಲೆ ಬರೆಯಲು 1997ರಲ್ಲೇ ಒಪ್ಪಿಗೆ ಕೊಟ್ಟಿತು. ಅಂದರೆ ಸುಮಾರು 75 ಗ್ರಾಂ ಓಟ್ಸ್.

ನನಗೂ ಓಟ್ಸ್ ಸೇರುವುದಿಲ್ಲ. ದೇವರಾಜ ಮಾರುಕಟ್ಟೆ ಕಡೆ ಹೋದಾಗ ಬಾರ್ಲಿ ತರುತ್ತೇನೆ. ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ಐದು ಕೂಗು. ಮಜ್ಜಿಗೆ, ಉಪ್ಪು, ಜಜ್ಜಿದ ಶುಂಠಿ ಸಾಕು. ಆರಿದರೆ ಸೌಟು ನೆಟ್ಟಗೆ ನಿಲ್ಲುತ್ತದೆ, ಅಷ್ಟು ಗಟ್ಟಿ! ಬೇಯಿಸಿದ ನೀರು ಮಾತ್ರ ಬಸಿದು ಚೆಲ್ಲಬೇಡಿ, ಬೀಟಾ ಗ್ಲೂಕಾನ್ ಅದರಲ್ಲೂ ಕರಗಿರುತ್ತದೆ.

ಅಣಬೆಯಲ್ಲೂ ಬೀಟಾ ಗ್ಲೂಕಾನ್ ಇದೆ, ಆದರೆ ಕೊಂಡಿಯ ರೀತಿಯೇ ಬೇರೆ. ಕೊಲೆಸ್ಟ್ರಾಲ್ ಇಳಿಸಲೆಂದು ಅದರ ಕ್ಯಾಪ್ಸೂಲಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಡಾಕ್ಟರ್ ಕೊಟ್ಟ ಮಾತ್ರೆ ನಿಮ್ಮಷ್ಟಕ್ಕೆ ನಿಲ್ಲಿಸಲೂಬೇಡಿ.